ಓಮ್ನಿಯ ನೆಲದಡಿ: ಬ್ರೇಕ್ ಪೈಪು, ಪೆಟ್ರೋಲ್ ಪೈಪು ಬದಲಿಸಿದ ಕೆಲಸದ ಟಿಪ್ಪಣಿ

ನಮ್ಮ ಮನೆಯ 1997ರ ಮಾರುತಿ ಓಮ್ನಿಗೆ ಎರಡು ಕಾಯಿಲೆಗಳು ಒಟ್ಟಿಗೆ ಅಂಟಿಕೊಂಡವು. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತಿತ್ತು. ಅದರ ಜೊತೆಗೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಾದರೆ ಸೆಲ್ಫ್ ಬಹಳ ಹೊತ್ತು ತಿರುಗಬೇಕಿತ್ತು. ಒಮ್ಮೆ ಹೊತ್ತಿಕೊಂಡ ಮೇಲೆ ಹಗಲೆಲ್ಲ ತಕರಾರಿಲ್ಲ. ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲಿನ ಒಂದು ಹನಿಯೂ ಕಾಣಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೆ ಸರಿಹೋಗುತ್ತದೆ ಎಂದು ಹೇಳದ ಗ್ಯಾರೇಜು ದಾವಣಗೆರೆಯಲ್ಲಿ ಬಹುಶಃ ಇರಲಿಕ್ಕಿಲ್ಲ.

ಕಾರ್ಬ್ಯುರೇಟರಿಗೆ ಕೈ ಹಾಕುವ ಮೊದಲು ಒಂದು ವಿಷಯ ಯೋಚಿಸಬೇಕು. ಈ ಕಾಲದ ಓಮ್ನಿಯಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿನ ಮೇಲೆಯೇ ಇರುತ್ತದೆ, ಇಂಜಿನ್ನು ಮುಂದಿನ ಸೀಟಿನ ಕೆಳಗೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಪೆಟ್ರೋಲನ್ನು ಯಾವುದೂ ಹಿಂದಿನಿಂದ ತಳ್ಳುವುದಿಲ್ಲ, ಪಂಪು ಮುಂದಿನಿಂದ ಎಳೆಯುತ್ತದೆ. ಆ ಭಾಗದಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಸೇರುವುದೇ ಹೆಚ್ಚು. ರಾತ್ರಿ ಗಾಡಿ ನಿಂತಾಗ ಪೈಪಿನಲ್ಲಿದ್ದ ಪೆಟ್ರೋಲ್ ಮರಳಿ ಟ್ಯಾಂಕಿಗೆ ಜಾರುತ್ತದೆ, ಬೆಳಿಗ್ಗೆ ಪಂಪು ಖಾಲಿ ಪೈಪನ್ನು ಎಳೆಯುತ್ತಾ ಕೂರುತ್ತದೆ. ಪಂಪಿನ ಒಳಬಾಯಿಗೆ ಪಾರದರ್ಶಕ ಹೋಸಿನ ಒಂದು ತುಂಡನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ನೋಡಿದಾಗ ಅನುಮಾನ ಉಳಿಯಲಿಲ್ಲ. ಪೆಟ್ರೋಲಿನೊಂದಿಗೆ ಗುಳ್ಳೆಗಳು ಸಾಲುಗಟ್ಟಿ ಬರುತ್ತಿದ್ದವು.

ಬ್ರೇಕ್ ಆಯಿಲ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಗಾಡಿಯ ಅಡಿಗೆ ಮಲಗಲೇಬೇಕಾಯಿತು. ಹಿಂದಿನ ಆಕ್ಸಲ್‌ಗೆ ಹೋಗುವ ಉಕ್ಕಿನ ಪೈಪು ನೆಲದ ತಗಡಿಗೆ ಅಂಟಿಕೊಂಡು ಸಾಗುತ್ತದೆ. ಅದರ ಪಕ್ಕದಲ್ಲೇ ಪೆಟ್ರೋಲಿನ ಪೈಪುಗಳು. ಎಲ್ಲವನ್ನೂ ಅಲ್ಲಲ್ಲಿ ಕ್ಲಿಪ್ಪುಗಳು ಹಿಡಿದಿವೆ. ತೆರೆದ ಭಾಗದಲ್ಲಿ ಪೈಪಿನ ಮೇಲೆ ಧೂಳು, ಗ್ರೀಸು, ಅಷ್ಟೇ. ಉಗುರಿನಿಂದ ಕೆರೆದರೆ ಒಳಗೆ ಕಪ್ಪು ಬಣ್ಣ ಇನ್ನೂ ಗಟ್ಟಿಯಾಗಿತ್ತು. ಆದರೆ ಒಂದು ಕ್ಲಿಪ್ಪಿನ ಸುತ್ತ ನೆಲದ ಬಣ್ಣ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಬ್ರೇಕ್ ಆಯಿಲ್ ತಗುಲಿದ ಬಣ್ಣ ಹೀಗೇ ಏಳುತ್ತದೆ. ಕ್ಲಿಪ್ಪಿನ ತಿರುಪು ಬಿಚ್ಚಿ ಎತ್ತಿದೆ. ಕೆಳಗೆ ಎರಡು ಬೆರಳಗಲದಷ್ಟು ಪೈಪು ತನ್ನ ಆಕಾರವನ್ನೇ ಕಳೆದುಕೊಂಡಿತ್ತು: ಕಂದು ಪದರಗಳು, ಪದರಗಳ ನಡುವೆ ಗಟ್ಟಿಯಾದ ಎರೆಮಣ್ಣು, ಮಣ್ಣಿನ ಮಧ್ಯೆ ಸೂಜಿಮೊನೆಯಷ್ಟು ತೂತು. ಬ್ರೇಕ್ ತುಳಿಯಲು ಮಗಳಿಗೆ ಹೇಳಿದೆ. ತೂತಿನಿಂದ ಒಂದು ಮಣಿ ಮೂಡಿ, ಹಿಗ್ಗಿ, ಮೊಣಕೈ ಮೇಲೆ ಬಿತ್ತು.

ದಾವಣಗೆರೆಯಲ್ಲಿ ಮಲೆನಾಡಿನ ಮಳೆ ಇಲ್ಲ, ಕರಾವಳಿಯ ಉಪ್ಪುಗಾಳಿ ಇಲ್ಲ. ಇಲ್ಲಿಯ ಗಾಡಿಗಳಿಗೆ ಅಡಿಯಿಂದ ತುಕ್ಕು ಹಿಡಿಯುವುದಿಲ್ಲ ಎಂದು ಹಳೆ ಗಾಡಿ ಕೊಳ್ಳುವವರು ನಂಬುತ್ತಾರೆ. ಬಹುಮಟ್ಟಿಗೆ ನಿಜವೂ ಹೌದು. ಆದರೆ ಈ ಓಮ್ನಿ ವರ್ಷಗಟ್ಟಲೆ ಮಲೇಬೆನ್ನೂರಿನ ಕಡೆಯ ಭದ್ರಾ ನಾಲೆಯ ಗದ್ದೆಗೆ ಗೊಬ್ಬರ ಹೊತ್ತಿದೆ. ಪೊಟ್ಯಾಷ್ ಚೀಲ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಅಣ್ಣತಮ್ಮ ಅದು, ಕಬ್ಬಿಣಕ್ಕೆ ಅಷ್ಟೇ ಶತ್ರು. ಚೀಲದ ಹೊಲಿಗೆಯಿಂದ ಉದುರಿದ ಪುಡಿ ಮ್ಯಾಟಿನ ಅಡಿ ಸೇರಿ, ನೀರು ಬಿದ್ದಾಗ ಕರಗಿ, ನೆಲದ ತೂತುಗಳಿಂದ ಕೆಳಗಿಳಿಯುತ್ತದೆ. ಕೆಳಗೆ ಅದು ತಂಗುವುದು ಕ್ಲಿಪ್ಪಿನ ಸಂದಿಯಲ್ಲಿ. ನಾಲೆಯ ಏರಿಯ ಮೇಲಿನ ಕೆಸರು ಅಲ್ಲೇ ಮೆತ್ತಿಕೊಂಡು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಮ್ಮ ಕಡೆ ಹಳೆ ಗಾಡಿ ಪರೀಕ್ಷಿಸುವವರು ಹೊಳೆಯುವ ಪೈಪನ್ನು ನೋಡಿ ಸಮಾಧಾನಪಡಬಾರದು, ಕ್ಲಿಪ್ಪು ಬಿಚ್ಚಿ ನೋಡಬೇಕು. ಇಡೀ ಕೆಲಸದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ.

ಅದೇ ಪೈಪನ್ನು ಹಿಂಬದಿಗೆ ಅನುಸರಿಸಿದಾಗ ಇನ್ನೊಂದು ಸೊಗಸು ಕಾಣಿಸಿತು. ಆಕ್ಸಲ್‌ನ ಹೋಸಿಗೆ ಒಂದು ಮೊಳ ಮುಂಚೆ ಯಾರೋ ಪುಣ್ಯಾತ್ಮರು ಪೈಪನ್ನು ಕತ್ತರಿಸಿ, ಫ್ರಿಜ್ಜಿಗೆ ಬಳಸುವ ತಾಮ್ರದ ಕೊಳವೆಯ ತುಂಡನ್ನು ಹಿತ್ತಾಳೆಯ ಜೋಡಣೆಯಿಂದ ಸೇರಿಸಿದ್ದರು. ಯಾವ ಗ್ಯಾರೇಜಿನ ಕೈವಾಡವೋ, ಹೆಸರು ಬೇಡ. ಚಕ್ರದಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್ ಇರುತ್ತದೆ. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಜೋರಾಗಿ ಬ್ರೇಕ್ ತುಳಿದಾಗ ಪೈಪಿನೊಳಗೆ ಏಳುವ ಒತ್ತಡ 70ರಿಂದ 100 ಬಾರ್. ಶುದ್ಧ ತಾಮ್ರ ಗಾಡಿಯ ನಡುಕಕ್ಕೆ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಕುತ್ತಿಗೆಯಲ್ಲಿ ಸೀಳುತ್ತದೆ. ನೀರಿನ ನಲ್ಲಿಗೂ ಫ್ರಿಜ್ಜಿಗೂ ಸಾಕಾಗುವ ಜೋಡಣೆ ಬ್ರೇಕಿಗೆ ಸಲ್ಲದು. ಪೆಡಲ್ ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿಗೆ ಎರಡು ಕೋಣೆ ಇರುವುದರಿಂದ ಹಿಂದಿನ ದಾರಿ ಹೋದರೂ ಮುಂದಿನದು ಉಳಿಯುತ್ತದೆ ಎಂಬುದು ಸಮಾಧಾನದ ಮಾತು, ತೇಪೆ ಹಾಕಲು ಪರವಾನಗಿ ಅಲ್ಲ.

ಅಲ್ಲಿಗೆ ತೀರ್ಮಾನವಾಯಿತು. ಹಿಂದಿನ ಬ್ರೇಕ್ ಪೈಪು ಮಾಸ್ಟರ್ ಸಿಲಿಂಡರಿನಿಂದ ಆಕ್ಸಲ್‌ವರೆಗೆ ಇಡಿಯಾಗಿ ಹೊಸದು, ಆಕ್ಸಲ್ ಮೇಲಿನ ಎರಡು ತುಂಡುಗಳೂ ಹೊಸವು, ಮೂರು ರಬ್ಬರ್ ಬ್ರೇಕ್ ಹೋಸುಗಳು, ಪೆಟ್ರೋಲ್ ಹೋಗುವ ಮತ್ತು ಮರಳುವ ಪೈಪುಗಳು, ಅವುಗಳ ರಬ್ಬರು, ಎಲ್ಲವೂ ಒಂದೇ ಸಲಕ್ಕೆ.

ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೋಸು, ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಶೂಗಳನ್ನು ತಳ್ಳುವ ಭಾಗ), ನಿಪ್ಪಲ್‌ಗಳಿಗೆ ಕೊರತೆ ಇಲ್ಲ. ಬ್ರೇಕ್ ಪೈಪಿಗೆ ಸಿಗುವುದು ಬಂಡಿ (Bundy) ಟ್ಯೂಬ್ ಎಂಬ ಉಕ್ಕಿನ ಕೊಳವೆ, 4.75 ಮಿಲಿಮೀಟರ್ ದಪ್ಪದ್ದು. ಅದು ಒಳ್ಳೆಯ ಮಾಲು, ಕಾರ್ಖಾನೆಯಲ್ಲಿ ಹಾಕುವುದೂ ಅದನ್ನೇ. ಆದರೆ ಪೊಟ್ಯಾಷ್ ಹೊರುವ ಗಾಡಿಗೆ ಮತ್ತೆ ಉಕ್ಕು ಹಾಕಲು ಮನಸ್ಸಾಗಲಿಲ್ಲ. ಹೊರಗಿನಿಂದ ಕ್ಯುಪ್ರೊನಿಕಲ್ ಪೈಪಿನ ಸುರುಳಿ ತರಿಸಿದೆ: ಶೇ. 90ರಷ್ಟು ತಾಮ್ರ, ಶೇ. 10ರಷ್ಟು ನಿಕಲ್, ಜೊತೆಗೆ ಚೂರು ಕಬ್ಬಿಣ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸ್ವೀಡನ್ನಿನ ವೋಲ್ವೊ ಕಂಪನಿ 1970ರ ದಶಕದಲ್ಲೇ ಇದಕ್ಕೆ ಬದಲಾಗಿತ್ತು. ಫ್ರಿಜ್ಜಿನ ತಾಮ್ರ ಕೆಂಪಗಿದ್ದರೆ ಇದು ಮಂಕು ಕಂಚಿನ ಬಣ್ಣ. ಕೊಳ್ಳುವಾಗ ಎರಡನ್ನೂ ಒಂದೇ ಎಂದು ಸಾಗಹಾಕುವವರಿದ್ದಾರೆ, ಎಚ್ಚರ.

ಕೆಲಸ ಮನೆಯ ಮುಂದಿನ ಬಯಲಿನಲ್ಲಿ. ಪೋರ್ಟಿಕೊದಲ್ಲಿ ನೆರಳಿತ್ತು, ಆದರೆ ಅಲ್ಲೇ ಇನ್ವರ್ಟರ್, ನೀರಿನ ಮೋಟರಿನ ಸ್ವಿಚ್ಚು, ಬಾಗಿಲ ಪಕ್ಕದ ದೇವರ ದೀಪ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಕಿಡಿ ಇರುವ ಕಡೆಗೆ ತಾನೇ ನಡೆದುಹೋಗುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿದ್ದು. ಬೆಳಕಿಗೆ ಎಲ್‌ಇಡಿ ಟಾರ್ಚ್ ಮಾತ್ರ. ತಂತಿ ಬಲೆಯೊಳಗಿನ ಹಳೇ ಬಲ್ಬಿನ ಮೇಲೆ ಒಂದು ಹನಿ ಪೆಟ್ರೋಲ್ ಬಿದ್ದರೆ ಗಾಜು ಸಿಡಿಯುತ್ತದೆ, ಮುಂದಿನದನ್ನು ಹೇಳಬೇಕಿಲ್ಲ. ಟ್ಯಾಂಕಿನ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿಗೆ ಇಳಿಸಿ ದೂರ ಇಟ್ಟೆ. ಪಕ್ಕದಲ್ಲಿ ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್. ಗಾಡಿ ನಿಂತದ್ದು ಉಕ್ಕಿನ ಸ್ಟ್ಯಾಂಡುಗಳ ಮೇಲೆ. ಸಿಮೆಂಟಿನ ಪೊಳ್ಳು ಇಟ್ಟಿಗೆಯ ಮೇಲೆ ಗಾಡಿ ಕೂರಿಸಿ ಕೆಳಗೆ ನುಗ್ಗುವವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆ ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಪೈಪಿನ ತುದಿಯ ಹಳೇ ನಟ್ಟುಗಳು ಸುಲಭಕ್ಕೆ ಬರುವ ಜಾತಿಯಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. 10 ಮಿಲಿಮೀಟರ್ ತಲೆಯ ಈ ನಟ್ಟಿಗೆ ಸಾಮಾನ್ಯ ತೆರೆದ ಪಾನಾ ಹಾಕಿದರೆ ಮೂಲೆಗಳು ಸವೆದು ಗುಂಡಗಾಗುತ್ತವೆ. ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ಪಾನಾ ಬೇಕು. ಪೈಪು ಹೇಗಿದ್ದರೂ ಗುಜರಿಗೆ ಹೋಗುವುದಾದರೆ ಇನ್ನೂ ಸುಲಭದ ದಾರಿ ಇದೆ: ನಟ್ಟಿನ ಪಕ್ಕದಲ್ಲೇ ಪೈಪನ್ನು ಕತ್ತರಿಸಿ, ಆರು ಮೂಲೆಯ ಸಾಕೆಟ್ ಇಳಿಸಿ ತಿರುಗಿಸುವುದು. ಹಟ ಹಿಡಿದ ನಟ್ಟುಗಳೆಲ್ಲ ಹೀಗೆ ಬಂದವು. ಬಿಚ್ಚಿದ ಬಾಯಿಗಳಿಗೆಲ್ಲ ರಬ್ಬರ್ ಮುಚ್ಚಳ. ಮಾಸ್ಟರ್ ಸಿಲಿಂಡರಿನೊಳಗೆ ಒಂದು ಮರಳ ಕಣ ಹೋದರೂ ಅದರ ರಬ್ಬರ್ ವಾಷರಿಗೆ ಗೀರು ಖಚಿತ. ಬಾಗಿದ ಹಳೇ ಪೈಪನ್ನು ಎಸೆಯದೆ ಗೋಡೆಗೆ ಒರಗಿಸಿಟ್ಟೆ. ಹೊಸದಕ್ಕೆ ಅದೇ ನಕ್ಷೆ. ಉದ್ದ ಅಳೆಯಲು ಬೈಂಡಿಂಗ್ ತಂತಿಯನ್ನು ಅದರ ತಿರುವುಗಳ ಮೇಲೆಯೇ ಹಾಯಿಸಿ ನೇರ ಮಾಡಿದರಾಯಿತು. ಎರಡೂ ತುದಿಗೆ ಫ್ಲೇರ್, ಅಂದರೆ ತುದಿಯ ಮಡಿಕೆ, ನುಂಗುವಷ್ಟು ಹೆಚ್ಚುವರಿ ಸೇರಿಸಬೇಕು.

ಇನ್ನು ಫ್ಲೇರ್. ಮನೆಯಲ್ಲಿ ಈ ಕೆಲಸ ಮಾಡಬಹುದೋ ಬೇಡವೋ ಎಂಬುದು ಪೂರ್ತಿ ಇದರ ಮೇಲೆ ನಿಂತಿದೆ. ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ, ಆ ಅಂಚನ್ನು ಮತ್ತೆ ಒಳಕ್ಕೆ ಮಡಚಿ ಎರಡು ಪದರ ಮಾಡಬೇಕು. 45 ಡಿಗ್ರಿಯ ಆ ಇಳಿಜಾರು ಎದುರಿನ ಲೋಹದ ಮೇಲೆ ಒತ್ತಿ ಕೂತಾಗಲೇ ಸೋರಿಕೆ ನಿಲ್ಲುತ್ತದೆ. ವಾಷರ್ ಇಲ್ಲ, ಅಂಟು ಇಲ್ಲ. ಟೆಫ್ಲಾನ್ ಟೇಪು ಸುತ್ತುವವರು ದಯವಿಟ್ಟು ನಲ್ಲಿ ಕೆಲಸಕ್ಕೆ ಮರಳಬೇಕು. ನಟ್ಟಿನ ಎಳೆಗೂ ಸೀಲಿಗೂ ಇಲ್ಲಿ ಸಂಬಂಧವೇ ಇಲ್ಲ, ಕಿತ್ತುಬಂದ ಟೇಪಿನ ಚೂರು ಒಳಗೆ ಹೋಗಿ ದಾರಿ ಮುಚ್ಚುತ್ತದೆ.

ನಮ್ಮ ಬೀದಿಯಲ್ಲಿ ಹತ್ತಿಗಿರಣಿಯ ಕಾಲದ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ. ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾದರೂ ಅವರ ಕೈ ಮುಚ್ಚಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡು ಕೂತು ಅವರು ಒಂದೊಂದನ್ನೇ ತಿದ್ದಿದರು. ಗರಗಸ ಬೇಡ, ಸುತ್ತಿ ಕತ್ತರಿಸುವ ಟ್ಯೂಬ್ ಕಟ್ಟರ್ ಬೇಕು. ಅದನ್ನೂ ಒಂದೇ ಸಲಕ್ಕೆ ಬಿಗಿಯದೆ ಸುತ್ತಿಗೆ ಸ್ವಲ್ಪವೇ ಬಿಗಿಯಬೇಕು. ಕತ್ತರಿಸಿದ ಬಾಯಿಯ ಒಳ ಅಂಚಿನ ಮುಳ್ಳನ್ನು ಕೆರೆದು, ಹೊರ ಅಂಚಿಗೆ ಅರದಿಂದ ಸಣ್ಣ ಇಳಿಜಾರು ಕೊಡಬೇಕು. ಮುಳ್ಳು ಉಳಿದರೆ ಮಡಿಕೆಯಲ್ಲಿ ಅದೇ ಬಿರುಕಾಗುತ್ತದೆ. ಆಮೇಲೆ ಅವರು ನಕ್ಕು ಕೇಳಿದ ಪ್ರಶ್ನೆ: ನಟ್ಟು ಪೈಪಿಗೆ ಏರಿಸಿದ್ದೀರಾ? ಎರಡೂ ತುದಿ ಫ್ಲೇರ್ ಆದ ಮೇಲೆ ನಟ್ಟು ಏರಿಸಲು ದಾರಿಯೇ ಇರುವುದಿಲ್ಲ.

ಪೈಪನ್ನು ಫ್ಲೇರ್ ಉಪಕರಣದ ಹಿಡಿಪಟ್ಟಿಯಲ್ಲಿ ಕೂರಿಸಿ, ಅಚ್ಚಿನ ಭುಜದ ಎತ್ತರಕ್ಕೆ ಸರಿಯಾಗಿ ತುದಿ ಹೊರಗೆ ಬಿಡಬೇಕು. ಕಡಿಮೆ ಬಿಟ್ಟರೆ ಮಡಿಕೆಗೆ ಲೋಹ ಸಾಲದು, ಹೆಚ್ಚಾದರೆ ಬಾಯಿ ಅಗಲವಾಗಿ ನಟ್ಟು ಕೂರದು. ಅಚ್ಚಿಗೆ ಒಂದು ಹನಿ ಬ್ರೇಕ್ ಆಯಿಲನ್ನೇ ಸವರಿ ಮೊದಲ ಒತ್ತು ಕೊಟ್ಟಾಗ ತುದಿ ಉಬ್ಬಿ ಅಣಬೆಯಾಗುತ್ತದೆ. ಅಚ್ಚು ತೆಗೆದು ಶಂಕುವಿನಿಂದ ಎರಡನೇ ಒತ್ತು ಕೊಟ್ಟಾಗ ಅಣಬೆ ಒಳಕ್ಕೆ ಮಡಚಿ ಕೂರುತ್ತದೆ. ಕ್ಯುಪ್ರೊನಿಕಲ್ ಮೆತ್ತಗೆ ಬಗ್ಗುತ್ತದೆ, ಉಕ್ಕಾದರೆ ಇದೇ ಕೆಲಸಕ್ಕೆ ತೋಳಿನ ಬಲವನ್ನೆಲ್ಲ ಹಾಕಬೇಕು. ಮೊದಲ ಕೆಲವನ್ನು ಚೂರುಪಾರು ತುಂಡುಗಳ ಮೇಲೆಯೇ ಮಾಡಿ ಎಸೆದೆವು. ಗಾಡಿಗೆ ಹೋಗುವ ಪ್ರತಿ ಬಾಯಿಯನ್ನೂ ವಾಚು ರಿಪೇರಿಯವರ ಭೂತಗನ್ನಡಿಯಡಿ ನೋಡಿದೆ. ಅಂಚು ಸುತ್ತಲೂ ಒಂದೇ ಅಗಲ ಇರಬೇಕು, ಒಳ ಇಳಿಜಾರು ಕನ್ನಡಿಯಂತೆ ನುಣುಪಾಗಿರಬೇಕು, ಕೂದಲೆಳೆಯಷ್ಟು ಗೀರು ಕಂಡರೂ ಕತ್ತರಿಸಿ ಮತ್ತೆ ಮೊದಲಿಂದ. ಒಂದು ಬಾಯಿ ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಹಿರಿಯರು ಅದನ್ನು ಹೆಬ್ಬೆರಳ ಉಗುರಿನ ಮೇಲೆ ತಿರುಗಿಸಿ, ‘ಒಂದು ಕಡೆ ವಾಲಿದೆ’ ಎಂದು ಪಕ್ಕಕ್ಕಿಟ್ಟರು. ಮತ್ತೆ ಭೂತಗನ್ನಡಿ ಹಿಡಿದು ನೋಡಿದರೆ, ಹೌದು, ವಾಲಿತ್ತು.

ಬಗ್ಗಿಸುವುದಕ್ಕೆ ಸಣ್ಣ ಬೆಂಡರ್ ಇತ್ತು. ಅದು ಹೋಗದ ಕಡೆ ಹಳೇ ಬೇರಿಂಗಿನ ಸುತ್ತ ಹೆಬ್ಬೆರಳಿನಿಂದಲೇ ತಿರುಗಿಸಿದೆ. ಚಪ್ಪಟೆಯಾದ ತಿರುವನ್ನು ಮತ್ತೆ ಗುಂಡಗೆ ಮಾಡಲು ಹೋಗಬಾರದು, ಆ ತುಂಡು ಮುಗಿಯಿತು ಎಂದೇ ಲೆಕ್ಕ. ಹೊಸ ಪೈಪು ಹಳೆಯದರ ದಾರಿಯಲ್ಲೇ ಹೋಯಿತು. ಸೈಲೆನ್ಸರಿನಿಂದ ದೂರ, ಜಾಕ್ ಕೂರುವ ಜಾಗದಿಂದ ದೂರ, ಆಕ್ಸಲ್ ಮೇಲೆ ಕೆಳಗೆ ಆಡುವ ಕಡೆ ಯಾವುದಕ್ಕೂ ತಾಗದ ಹಾಗೆ.

ಕ್ಲಿಪ್ಪುಗಳ ವಿಷಯದಲ್ಲಿ ಮಾತ್ರ ಕಾರ್ಖಾನೆಯ ಕ್ರಮವನ್ನು ಸ್ವಲ್ಪ ಬದಲಿಸಿದೆ. ತಗಡು ಮತ್ತು ಪೈಪಿನ ನಡುವೆ ಮಣ್ಣು ಸಿಕ್ಕಿಕೊಳ್ಳುವ ಹಳೇ ಪಟ್ಟಿಗಳ ಬದಲು, ಪೈಪನ್ನು ನೆಲದಿಂದ ಸ್ವಲ್ಪ ದೂರ ಹಿಡಿಯುವ, ಕೆಳಭಾಗ ತೆರೆದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಹಾಕಿದೆ. ನೀರು ಬಂದರೆ ಇಳಿದುಹೋಗಲಿ. ಒಂದೊಂದು ಗೇಣಿಗೆ ಒಂದರಂತೆ ಹಾಕಿದ್ದರಿಂದ ಪೈಪು ನಡುಗುವುದಿಲ್ಲ. ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಪೂರ್ತಿ ಕೂರಿಸಿ, ಆಮೇಲೆ ಸುಮಾರು 16 ನ್ಯೂಟನ್ ಮೀಟರ್ ಬಿಗಿ. ಬೆರಳಿಗೆ ಬಾರದ ನಟ್ಟಿಗೆ ಪಾನಾ ಹಾಕಿದರೆ ಎಳೆ ಹಾಳಾಗುತ್ತದೆ.

ಪೆಟ್ರೋಲಿನ ಕಡೆ ಒತ್ತಡ ತೀರಾ ಕಡಿಮೆ, ಕಾರ್ಬ್ಯುರೇಟರ್ ಗಾಡಿಯಲ್ಲಿ ಅರ್ಧ ಬಾರ್ ಕೂಡ ಇಲ್ಲ. ಇಂಜೆಕ್ಷನ್ ಗಾಡಿಯವರು ಇದನ್ನು ಓದಿ ಇದೇ ರಬ್ಬರು, ಇದೇ ಕ್ಲಿಪ್ಪು ಸಾಕು ಎಂದುಕೊಳ್ಳಬಾರದು. ಅಲ್ಲಿ ಒತ್ತಡ ಹಲವು ಪಟ್ಟು ಹೆಚ್ಚು. ಲೋಹದ ಭಾಗಕ್ಕೆ ಸ್ಥಳೀಯವಾಗಿ ಸಿಕ್ಕ ಲೇಪನದ ಉಕ್ಕಿನ ಪೈಪನ್ನೇ ಹಾಕಿ, ಹೋಸು ಜಾರದಂತೆ ತುದಿಗೆ ಫ್ಲೇರ್ ಅಚ್ಚಿನ ಮೊದಲ ಒತ್ತು ಮಾತ್ರ ಕೊಟ್ಟು ಸಣ್ಣ ಉಬ್ಬು ಎಬ್ಬಿಸಿದೆ. ನಿಜವಾದ ತೊಂದರೆ ಇದ್ದದ್ದು ರಬ್ಬರಿನಲ್ಲಿ. ಟ್ಯಾಂಕಿನ ಬಳಿಯ ಹೋಸನ್ನು ಬಾಗಿಸಿದಾಗ ಹೊರಮೈಯಲ್ಲಿ ನೂರು ಬಿರುಕು, ಒಳಗೆ ಕೈಗೆ ಕಪ್ಪು ಹತ್ತುವ ಮೆತ್ತನೆ ಅಂಟು. ಹೊರಗಿನ ಬಿರುಕಿಗೆ ವಯಸ್ಸೂ ಕಾರಣ, ಗಾಡಿ ತೊಳೆಯುವ ಕಡೆ ಅಡಿಗೆಲ್ಲ ಡೀಸೆಲ್ ಹೊಡೆಯುವ ಹಳೇ ಚಾಳಿಯೂ ಕಾರಣ. ತುಕ್ಕು ತಡೆಯುತ್ತದೆ ಎಂದು ಹೊಡೆಸುತ್ತಾರೆ, ರಬ್ಬರು ಊದಿಕೊಂಡು ಸಾಯುತ್ತದೆ. ಒಳಗಿನ ಅಂಟಿಗೆ ಕಾರಣ ಎಥನಾಲ್ ಎಂದು ನನ್ನ ಅನುಮಾನ. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಬಂಕುಗಳಲ್ಲೆಲ್ಲ ಅದೇ. 1997ರ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. ಈ ಎಥನಾಲಿನ ದೊಡ್ಡ ಪಾಲು ಈಗ ಮೆಕ್ಕೆಜೋಳದಿಂದ ಬರುತ್ತದೆ. ಮೆಕ್ಕೆಜೋಳ ಬೆಳೆಯುವುದರಲ್ಲಿ ದಾವಣಗೆರೆ ಯಾರಿಗೂ ಹಿಂದಿಲ್ಲ. ನಮ್ಮ ಹೊಲದ ಬೆಳೆಯೇ ಸುತ್ತಿ ಬಳಸಿ ನಮ್ಮ ಹೋಸನ್ನು ತಿನ್ನಲು ಬಂದಿದೆ ಎಂದರೆ ಬೆಲೆ ಸಿಕ್ಕ ರೈತರು ಬೇಸರಿಸಬಾರದು. ಎಥನಾಲ್ ತಡೆಯುವ ಒಳಪದರದ ಹೋಸು ಎಂದು ಕೇಳಿ, ಮೈಮೇಲೆ ಮುದ್ರಿಸಿರುವುದನ್ನು ಓದಿಯೇ ಕೊಂಡೆ. ಬೆಲೆ ಹೆಚ್ಚು, ಆದರೆ ಬೇಕಾದದ್ದು ಮೀಟರುಗಳ ಲೆಕ್ಕದಲ್ಲಿ ಸ್ವಲ್ಪವೇ.

ಬ್ರೇಕ್ ಪೈಪುಗಳನ್ನು ಕೂರಿಸುವ ಮೊದಲು ಗಾಳಿ ಊದಿ, ಹೊಸ ಬ್ರೇಕ್ ಆಯಿಲಿನಿಂದಲೇ ತೊಳೆದೆ. ಸೀಮೆಎಣ್ಣೆ, ಪೆಟ್ರೋಲ್, ಇಂಜಿನ್ ಆಯಿಲ್ ಯಾವುದರ ಹನಿಯೂ ಆ ದಾರಿಗೆ ಸೋಕಬಾರದು. ಬ್ರೇಕಿನ ರಬ್ಬರು ಖನಿಜ ತೈಲಕ್ಕೆ ಊದಿಕೊಳ್ಳುತ್ತದೆ, ಆಮೇಲೆ ಬದಲಿಸಬೇಕಾದದ್ದು ಪ್ರತಿಯೊಂದು ವಾಷರ್. ಹಿಂದಿನ ಡ್ರಮ್ ತೆಗೆದಾಗ ಎಡಗಡೆಯ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯೊಳಗೆ ತೇವವಿತ್ತು. ಎರಡೂ ಬದಿಗೆ ಹೊಸ ಸಿಲಿಂಡರ್ ಬಂದವು, ಆಯಿಲ್ ಕುಡಿದ ಶೂಗಳೂ ಹೋದವು.

ಡಬ್ಬಿಗೆ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಬ್ಲೀಡಿಂಗ್ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಚಕ್ರದ ಬಳಿಯ ನಿಪ್ಪಲ್ ಮೂಲಕ ಬಾಟಲಿಗೆ ಹೊರಹಾಕುವುದು) ಹಿಂದಿನ ಎಡಚಕ್ರದಿಂದ ಶುರು. ಮಾಸ್ಟರ್ ಸಿಲಿಂಡರಿನಿಂದ ಅದೇ ಅತಿ ದೂರ. ಸೀಲ್ ಒಡೆಯದ ಹೊಸ ಡಬ್ಬಿಯೇ ಬೇಕು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸದಾಗಿದ್ದಾಗ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಪೆಡಲ್ ಮೇಲೆ ಮಗಳು, ನಿಪ್ಪಲ್ ಬಳಿ ನಾನು, ನಡುವೆ ‘ಒತ್ತು, ಹಿಡಿ, ಬಿಡು’ ಎಂಬ ಮೂರೇ ಪದಗಳ ಸಂಭಾಷಣೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಹಳೇ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದಿನನಿತ್ಯ ಅರ್ಧ ದಾರಿಯಷ್ಟೇ ಓಡಾಡಿರುತ್ತದೆ, ಅದರಾಚೆ ಒರಟು ಕಲೆ ಕಟ್ಟಿರುತ್ತದೆ. ಪೆಡಲನ್ನು ನೆಲದವರೆಗೆ ತುಳಿದರೆ ವಾಷರಿನ ತುಟಿ ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ಬ್ಲೀಡಿಂಗ್ ಮಾಡಿದ ಮಾರನೇ ದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಎಂದು ಗೊಣಗುವವರ ಕಥೆ ಬಹಳ ಸಲ ಇದೇ ಆಗಿರುತ್ತದೆ.

ಬಾಟಲಿಯಲ್ಲಿ ಗುಳ್ಳೆ ನಿಂತ ಮೇಲೂ ಪೆಡಲ್ ಕೆಳಗೇ ಹೋಗುತ್ತಿತ್ತು, ಆದರೆ ಕೆಳಗೆ ಗಟ್ಟಿ. ಎರಡನೇ ತುಳಿತಕ್ಕೆ ಮೇಲೆ ಬರುತ್ತಿತ್ತು. ಇದು ಗಾಳಿಯ ಲಕ್ಷಣವಲ್ಲ. ಗಾಳಿ ಇದ್ದರೆ ಪೆಡಲ್ ಮೆತ್ತಗೆ ಚಿಮ್ಮುತ್ತದೆ. ಒತ್ತಿ ಹಿಡಿದಾಗ ಮೆಲ್ಲಗೆ ಮುಳುಗಿದರೆ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್. ಕೆಳಗೆ ಹೋಗಿ ಗಟ್ಟಿಯಾಗಿ ನಿಂತರೆ ಹೊಸ ಶೂಗೂ ಡ್ರಮ್ಮಿಗೂ ಅಂತರ ಹೆಚ್ಚಿದೆ ಎಂದು ಅರ್ಥ. ಅಂತರ ಸರಿಮಾಡಿದ ಮೇಲೆ ಪೆಡಲ್ ಒಂದೇ ತುಳಿತಕ್ಕೆ ಮೇಲೆಯೇ ನಿಂತಿತು. ಪೂರ್ತಿ ಭಾರ ಹಾಕಿ ಹಿಡಿಯಲು ಹೇಳಿ, ಪ್ರತಿ ನಟ್ಟಿನ ಸುತ್ತಲೂ ಹಳೇ ಪತ್ರಿಕೆಯ ಚೂರು ಒತ್ತಿ ನೋಡಿದೆ. ಕಾಗದ ಒಣಗಿಯೇ ಇತ್ತು.

ಪೆಟ್ರೋಲ್ ಮರಳಿ ತುಂಬಿ, ಆವಿಯೆಲ್ಲ ಹೋದ ಮೇಲೆ ಬ್ಯಾಟರಿ ತಂತಿ ಸಿಕ್ಕಿಸಿದೆ. ಮೊದಲ ಸಲ ಸೆಲ್ಫ್ ತುಸು ಹೆಚ್ಚು ತಿರುಗಿತು. ಮಾರನೇ ಬೆಳಿಗ್ಗೆ ಕೀಲಿ ತಿರುವಿದೊಡನೆ ಇಂಜಿನ್ ಎದ್ದಿತು. ಮೊದಲು ಕಾಂಪೌಂಡಿನೊಳಗೆ ನಡೆಯುವ ವೇಗದಲ್ಲಿ, ಆಮೇಲೆ ಶಾಮನೂರಿನ ಕಡೆಯ ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಒಂದೇ ಸಮ ಬ್ರೇಕ್ ಹಾಕಿ ನೋಡಿದೆ. ಗಾಡಿ ಯಾವ ಕಡೆಗೂ ಎಳೆಯಲಿಲ್ಲ. ಹೆದ್ದಾರಿಗೆ ಒಯ್ಯುವ ಮುನ್ನ ಮತ್ತೊಮ್ಮೆ ಅಡಿಗೆ ಹೋಗಿ ನಟ್ಟುಗಳನ್ನು ಮುಟ್ಟಿ ನೋಡಿದ್ದಾಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಈ ಸಲ ಆರ್‌ಟಿಒ ತಪಾಸಣೆಗೆ ಅಳುಕಿಲ್ಲದೆ ಹೋಗಬಹುದು.

ಬಾಕಿ ಇರುವುದು ಟ್ಯಾಂಕಿನ ಗೇಜ್ ಕೂರುವ ಜಾಗದ ಗ್ಯಾಸ್ಕೆಟ್. ಟ್ಯಾಂಕು ಪೂರ್ತಿ ತುಂಬಿದರೆ ಅಲ್ಲಿ ವಾಸನೆ ಬರುತ್ತಿದೆ. ಎಥನಾಲಿಗೆ ಹೊಂದುವ ಗ್ಯಾಸ್ಕೆಟ್ ಸಿಗುವವರೆಗೆ ಅರ್ಧ ಟ್ಯಾಂಕಿಗಿಂತ ಹೆಚ್ಚು ಹಾಕಿಸುತ್ತಿಲ್ಲ. ಪೊಟ್ಯಾಷ್ ಚೀಲಗಳಿಗೆ ಈಗ ಕೆಳಗೊಂದು ದಪ್ಪ ತಾಡಪಾಲು ಹಾಸಿದ್ದೇನೆ, ಗದ್ದೆಯಿಂದ ಬಂದ ದಿನ ನೀರಿನ ಪೈಪು ಹಿಡಿದು ಕ್ಲಿಪ್ಪುಗಳ ಸಾಲನ್ನೇ ಮೊದಲು ತೊಳೆಯುತ್ತೇನೆ.